ಶಂಕ್ರವ್ವನ ಹೆಸರಿನ ಮೀನು

ಇಲ್ಲಿಯ ಕನ್ನಡ ಸಂಘದ ಸಂಚಿಕೆಗೆ ಸಿದ್ಧಲಿಂಗೇಶ ಸರ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ರಜತ್ ಫೋನ್ ಮಾಡಿದಾಗ ನಾನು ಕಾಫಿ ಸೋಸುತ್ತಿದ್ದೆ. ಒಳ್ಳೆಯ ಮಾತು ಬೇಕಾದರೆ ಬೇರೆ ಯಾರನ್ನಾದರೂ ಕೇಳಪ್ಪ ಎಂದೆ.

"ಅವರ ಕೆಲಸ ಗೊತ್ತಿರೋರು ಇಡೀ ಸ್ಯಾನ್ ಡಿಯೇಗೋದಲ್ಲಿ ನೀವೊಬ್ರೇ ಅಲ್ವಾ ರಾಜೇಶ್ವರಿ ಆಂಟಿ?" ಎಂದ.

ಅದು ನಿಜ. ಆತನ ಕೆಲಸ ನನಗೆ ಗೊತ್ತಿರುವಷ್ಟು ಆತನಿಗೂ ಗೊತ್ತಿಲ್ಲ. ಹಾಗಾಗಿ ಒಪ್ಪಿಕೊಂಡೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಮನುಷ್ಯನನ್ನು ಕಂಡರೆ ಆಗುವುದಿಲ್ಲ. ಮೂವತ್ತು ವರ್ಷದಿಂದ ಆಗುವುದಿಲ್ಲ. ಸಂಚಿಕೆಯಲ್ಲಿ ಹಿರಿಯರಿಗೆಲ್ಲ ಬಹುವಚನ ಹಾಕುವ ಪದ್ಧತಿ ಇದೆಯಂತೆ. ಎದುರಿಗಿದ್ದಾಗ ನಾನೂ ಹಾಕುತ್ತೇನೆ. ಬರೆಯುವಾಗ ಕೈ ಬರುವುದಿಲ್ಲ.

ನಾವಿಬ್ಬರೂ ಮೀನು ಗುರುತಿಸುವವರು. ಸಮುದ್ರದ ಮೀನಲ್ಲ, ನಮ್ಮ ಹೊಳೆಗಳ ಮೀನು. ನಾನು ಮೈಸೂರಿನಲ್ಲಿ ಕಾವೇರಿ, ಕಪಿಲೆಗಳ ಮೀನು ನೋಡಿದೆ, ಆತ ಧಾರವಾಡದಲ್ಲಿ ಕುಳಿತು ಮಲಪ್ರಭೆ, ಘಟಪ್ರಭೆಗಳದ್ದು ನೋಡಿದ. ಕೆಲಸ ಹೊರಗಿನವರಿಗೆ ಹುಚ್ಚಿನ ಹಾಗೆ ಕಾಣುತ್ತದೆ. ಬೆರಳುದ್ದದ ಮೀನನ್ನು ತಟ್ಟೆಯಲ್ಲಿ ಮಲಗಿಸಿ ಹುರುಪೆ ಎಣಿಸಬೇಕು, ರೆಕ್ಕೆಯ ಕಡ್ಡಿ ಎಣಿಸಬೇಕು, ಮೀಸೆ ಇದೆಯೇ ನೋಡಬೇಕು, ಬಾಯಿ ಯಾವ ಕಡೆ ತಿರುಗಿದೆ ಬರೆಯಬೇಕು. ಇವೆಲ್ಲ ಹಿಂದೆ ಯಾರೋ ಬರೆದಿಟ್ಟ ಮೀನಿಗೆ ಕೂಡಿದರೆ ಅದು ಇದೇ ಎನ್ನಬೇಕು. ಯಾವುದಕ್ಕೂ ಕೂಡದಿದ್ದರೆ ಮಾತ್ರ ಹೊಸ ಪ್ರಭೇದ ಎಂದು ಹೆಸರಿಡಬಹುದು. ಆ ಭಾಗ್ಯ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ದೊಡ್ಡದು. ನನಗೆ ಸಿಗಲಿಲ್ಲ. ಆತನಿಗೆ ಸಿಕ್ಕಿತು, ಅದೂ ತಪ್ಪಿ ಸಿಕ್ಕಿತು.

ಮೀನನ್ನು ವರ್ಣಿಸುವ ಕ್ರಮದಲ್ಲೇ ಸಿದ್ಧಲಿಂಗೇಶನನ್ನು ವರ್ಣಿಸಿದರೆ ಹೀಗೆ: ದೇಹ ನೀಳ, ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು. ಬಾಯಿಯ ಮೂಲೆಗಳು ಕೆಳಕ್ಕೆ ಇಳಿದಿವೆ. ಮೀಸೆ ಒಂದು ಜೊತೆ, ಬಿಳಿ. ಹಣೆಯ ಮೇಲೆ ಅಡ್ಡಕ್ಕೆ ಮೂರು ಬೂದು ಪಟ್ಟೆ, ಸ್ನಾನವಾದ ಮೇಲೆ ಎದ್ದು ಕಾಣುತ್ತವೆ. ವಾಸ ಈಗ ಇದೇ ಊರಿನ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ, ಮಗಳು ವೈಷ್ಣವಿಯ ಜೊತೆ. ಸ್ವಭಾವ, ಕಚ್ಚುವುದು.

ಈತ ಲಿಂಗಾಯತರ ಮನೆಯವನು. ನಮ್ಮ ಮನೆಯ ಹಾಗೆ ಅವರ ಮನೆಯಲ್ಲೂ ಮೀನು ಒಲೆಯ ಹತ್ತಿರ ಬಂದದ್ದಿಲ್ಲ. ತಾಯಿ ಶಂಕ್ರವ್ವ ಬಹಳ ಕಟ್ಟುನಿಟ್ಟಿನ ಹೆಂಗಸಂತೆ. ಮಗ ಹೊಳೆಯಿಂದ ಬಂದರೆ ಹಿತ್ತಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತಿದ್ದಳಂತೆ. ಲಿಂಗ ಕಟ್ಟಿಕೊಂಡ ಎದೆಗೆ ಮೀನಿನ ವಾಸನೆ ಹಚ್ಚಿಕೊಂಡು ಬರುತ್ತೀಯಲ್ಲ ಎಂದು ಪಾಯಸ ಬಡಿಸುವಾಗಲೂ ಬೈಯುತ್ತಿದ್ದಳಂತೆ. ಹೀಗೆ ಬೈಯುತ್ತಲೇ ಆತನ ಓದಿಗೆ ತನ್ನ ಬಳೆ ಬಿಚ್ಚಿಕೊಟ್ಟಳು ಎಂದು ವೈಷ್ಣವಿ ಹೇಳಿದ್ದಾಳೆ. ಈ ಸಂಗತಿಗಳು ನನಗೆ ಗೊತ್ತಾದದ್ದು ಇತ್ತೀಚೆಗೆ. ಮೊದಲೇ ಗೊತ್ತಿದ್ದರೂ ನಾನು ಹೇಳುವುದನ್ನೇ ಹೇಳುತ್ತಿದ್ದೆ.

ತೊಂಬತ್ತರ ಸುಮಾರಿಗೆ ಸಿದ್ಧಲಿಂಗೇಶ ಮಲಪ್ರಭೆಯ ಒಂದು ಮಡುವಿನಲ್ಲಿ ಪಕ್ಕೆ ಮೀನು ಹಿಡಿದ. ಪಕ್ಕೆ ಎಲ್ಲ ಹೊಳೆಯಲ್ಲೂ ಇರುವ ಸಣ್ಣ ಬೆಳ್ಳಿ ಬಣ್ಣದ ಮೀನು. ಆದರೆ ಈ ಮಡುವಿನ ಮೀನುಗಳ ಮೈಮೇಲೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳಿದ್ದವು. ಇಂಥ ಪಕ್ಕೆಯನ್ನು ಯಾರೂ ಬರೆದಿರಲಿಲ್ಲ. ಈತ ಬರೆದ, ಹೊಸ ಪ್ರಭೇದ ಎಂದ, ಪುಂಟಿಯಸ್ ಶಂಕ್ರವ್ವೇ ಎಂದು ತಾಯಿಯ ಹೆಸರಿಟ್ಟ. ಅಚ್ಚಾದ ಹಾಳೆ ಒಯ್ದು ತಾಯಿಗೆ ತೋರಿಸಿದರೆ ಆಕೆ, "ಸತ್ತ ಮೀನಿಗೆ ನನ್ನ ಹೆಸರಿಟ್ಟು ಓಣ್ಯಾಗ ನನ್ನ ಮರ್ಯಾದಿ ಕಳದ್ಯಲ್ಲೋ ಭಾಡ್ಯಾ" ಎಂದು ಹಾಳೆ ಎಸೆದಳಂತೆ. ಸ್ವಲ್ಪ ದಿನಕ್ಕೆ ಅದೇ ಹಾಳೆ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಸಿಕ್ಕಿತಂತೆ. ಬಂದವರಿಗೆಲ್ಲ, ಹೊಳೆಯಲ್ಲಿ ನನ್ನ ಹೆಸರಿನ ಮೀನು ಇದೆ ಎಂದು ಹೇಳಿಕೊಳ್ಳುತ್ತಿದ್ದಳಂತೆ.

ಈಗ ತಪ್ಪಿನ ವಿಷಯ. ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಮೀನನ್ನು ಎಡಮಗ್ಗುಲಿಂದಲೇ ನೋಡಬೇಕು. ತಲೆ ಎಡಕ್ಕೆ, ಬಾಲ ಬಲಕ್ಕೆ. ಎಣಿಸುವುದು ಎಡಗಡೆ, ಚಿತ್ರ ಬರೆಯುವುದು ಎಡಗಡೆ. ಏನಾದರೂ ಕೊಯ್ಯಬೇಕಾದರೆ ಬಲಗಡೆ ಕೊಯ್ದು ಎಡಗಡೆಯನ್ನು ಹಾಗೇ ಉಳಿಸಬೇಕು. ಎಲ್ಲರೂ ಹೀಗೆ ಮಾಡಿದರೆ ಒಬ್ಬರದ್ದನ್ನು ಇನ್ನೊಬ್ಬರದ್ದಕ್ಕೆ ಹೋಲಿಸಬಹುದು. ಸಿದ್ಧಲಿಂಗೇಶ ಕಟ್ಟುಪಾಡಿನ ಮನುಷ್ಯ. ಎಲ್ಲ ಮೀನಿನ ಎಡಗಡೆ ನೋಡಿದ, ಎಡಗಡೆ ಎಣಿಸಿದ, ಎಡಗಡೆ ಚುಕ್ಕೆ ಬರೆದ. ಒಂದು ಮೀನನ್ನೂ ತಿರುಗಿಸಲಿಲ್ಲ.

ನಾನು ತಿರುಗಿಸಿದೆ. ದೇಶದ ಪ್ರಾಣಿಗಳ ಮಾದರಿ ಇಡುವ ಕೋಲ್ಕತ್ತದ ಸಂಗ್ರಹದಲ್ಲಿ ಆತ ಕೊಟ್ಟಿದ್ದ ಮೀನುಗಳನ್ನು ಬೇರೆ ಕೆಲಸಕ್ಕೆ ಹೋದಾಗ ನೋಡಿದೆ. ಎಡಗಡೆ ನಾಲ್ಕು ಚುಕ್ಕೆ ಇದ್ದ ಮೀನಿಗೆ ಬಲಗಡೆ ಒಂಬತ್ತು. ಇನ್ನೊಂದಕ್ಕೆ ಬಲಗಡೆ ಒಂದೂ ಇಲ್ಲ. ಹುಟ್ಟಿನಿಂದ ಬಂದ ಗುರುತು ಎರಡೂ ಪಕ್ಕ ಹೆಚ್ಚುಕಡಿಮೆ ಸಮ ಇರುತ್ತದೆ. ಹೀಗೆ ಎರ್ರಾಬಿರ್ರಿ ಇದ್ದರೆ ಅದು ಹೊರಗಿನಿಂದ ಹತ್ತಿದ್ದು. ಹೊಳೆಯ ಬಸವನಹುಳುವಿನಿಂದ ಹೊರಬಿದ್ದು ಮೀನಿನ ಚರ್ಮದೊಳಗೆ ಗೂಡು ಕಟ್ಟುವ ಒಂದು ಸಣ್ಣ ಹುಳು ಇದೆ. ಗೂಡಿನ ಸುತ್ತ ಮೀನಿನ ಚರ್ಮ ಕಪ್ಪಾಗುತ್ತದೆ. ಆ ಮೀನನ್ನು ಮಿಂಚುಳ್ಳಿ ತಿಂದರೆ ಹುಳುವಿನ ಸಂಸಾರ ಮುಂದುವರಿಯುತ್ತದೆ. ಸಿದ್ಧಲಿಂಗೇಶ ತಾಯಿಯ ಹೆಸರಿಟ್ಟದ್ದು ಹುಳು ಹತ್ತಿದ ಮಾಮೂಲಿ ಪಕ್ಕೆಗೆ.

ಧಾರವಾಡದ ಒಂದು ವಿಚಾರ ಸಂಕಿರಣದಲ್ಲಿ ಎದ್ದು ನಿಂತು ಹೇಳಿಬಿಟ್ಟೆ. "ಶಂಕ್ರವ್ವೇ ಒಂದು ಪ್ರಭೇದವೇ ಅಲ್ಲ, ಅದೊಂದು ರೋಗ" ಎಂದೆ. ಸಭೆ ನಕ್ಕಿತು. ಆತ ಮುಂದಿನ ಸಾಲಿನಿಂದ ಎದ್ದು, "ನಮ್ಮವ್ವ ರೋಗ ಅಂತೀರೇನ್ರೀ?" ಎಂದು ಕೇಳಿದ. ನಗು ನಿಂತಿತು. ನಾನು ಹೇಳಿದ್ದು ಮೀನಿನ ಬಗ್ಗೆ. ಮೀನಿಗೆ ತಾಯಿಯ ಹೆಸರಿಡಿ ಎಂದು ನಾನೇನು ಹೇಳಿಕೊಟ್ಟಿದ್ದೆನೆ?

ಆದರೆ ಕೊಯ್ದು ತೋರಿಸುವವರೆಗೆ ಅದು ಬರೀ ಮಾತು. ಹೆಸರಿಡುವಾಗ ಸಂಗ್ರಹಕ್ಕೆ ಕೊಟ್ಟ ಮೀನುಗಳು ಆ ಹೆಸರಿಗೆ ಸಾಕ್ಷಿ, ಅವುಗಳ ಮೇಲೆ ಕತ್ತರಿ ಆಡಿಸುವಂತಿಲ್ಲ. ಉಳಿದವು ಆತನ ಕಾಲೇಜಿನ ಬೀರುವಿನಲ್ಲಿದ್ದವು. ಕೇಳಿದೆ, ಕೊಡಲಿಲ್ಲ. ನಾನೇ ಮಲಪ್ರಭೆಗೆ ಹೋದೆ. ಅಷ್ಟರಲ್ಲಿ ಮರಳು ತೆಗೆದು ತೆಗೆದು ಆ ಮಡುವೇ ಇಲ್ಲವಾಗಿತ್ತು. ನನ್ನ ಲೇಖನವನ್ನು ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. ಆತ ಪ್ರೊಫೆಸರ್ ಆದ, ಹಾರ ಹಾಕಿಸಿಕೊಂಡ, ನಿವೃತ್ತನಾದ. ನಾನೂ ನಿವೃತ್ತಳಾದೆ. ಗಂಟಲಲ್ಲಿ ಸಿಕ್ಕ ಮುಳ್ಳು ಮಾತ್ರ ಹಾಗೇ ಉಳಿಯಿತು.

ಇನ್ನೊಂದು ವಿಷಯ ತಿಳಿದಿರಲಿ. ನಮ್ಮಲ್ಲಿ ಒಮ್ಮೆ ಇಟ್ಟ ಹೆಸರು ಪೂರ್ತಿ ಅಳಿಯುವುದಿಲ್ಲ. ತಪ್ಪೆಂದು ತೀರ್ಮಾನವಾದರೆ ಸರಿಯಾದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರುತ್ತದೆ. ಆ ಹೆಸರನ್ನು ಯಾರು ಇಟ್ಟರು, ಯಾರು ಇಳಿಸಿದರು, ಇಬ್ಬರ ಹೆಸರೂ ಅದರ ಪಕ್ಕದಲ್ಲಿ ಇರುತ್ತವೆ. ಪ್ರಪಂಚದಲ್ಲಿ ಮೀನು ಓದುವವರು ಇರುವವರೆಗೂ ಇರುತ್ತವೆ. ಆ ಜಾಗದಲ್ಲಿ ನನ್ನ ಹೆಸರು ಇರಬೇಕೆಂದು ನನಗೆ ಆಸೆಯಿತ್ತು. ಹೊಸ ಮೀನಿಗೆ ಹೆಸರಿಡುವ ಭಾಗ್ಯವಂತೂ ಬರಲಿಲ್ಲ, ಸುಳ್ಳು ಮೀನಿನ ಹೆಸರು ಇಳಿಸಿದ ಕೀರ್ತಿಯಾದರೂ ಬರಲಿ ಎಂದು. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಎರಡು ಸಾವಿರದ ಇಪ್ಪತ್ತರ ಶುರುವಿನಲ್ಲಿ ಮಗ ವಿನೀತನ ಮನೆಗೆಂದು ಸ್ಯಾನ್ ಡಿಯೇಗೋಗೆ ಬಂದೆ. ಬಂದ ಮೇಲೆ ಕೊರೊನಾ ಎಂದು ಎಲ್ಲ ಮುಚ್ಚಿತು. ಬೇಸಿಗೆಯಲ್ಲಿ ಸಂಘದವರು ಮಕ್ಕಳಿಗೆಂದು ಝೂಮ್‌ನಲ್ಲಿ ಒಂದು ಮಾತುಕತೆ ಇಟ್ಟರು. ವಿಷಯ ನಮ್ಮ ನದಿಗಳ ಮೀನು. ಮಾತಾಡುವವರ ಹೆಸರು ನೋಡಿ ನನಗೆ ಮೈಯೆಲ್ಲ ಉರಿಯಿತು. ಆತನೂ ಮಗಳ ಮನೆಗೆಂದು ಬಂದು ಇದೇ ಊರಲ್ಲಿ ಸಿಕ್ಕಿಕೊಂಡಿದ್ದನಂತೆ. ಏಳು ಸಮುದ್ರ ದಾಟಿ ಬಂದರೂ ಈ ಮನುಷ್ಯ ಬೆನ್ನು ಬಿಡಲಿಲ್ಲ.

ಕ್ಯಾಮೆರಾ ಆಫ್ ಮಾಡಿಕೊಂಡು ಕೇಳುತ್ತ ಕೂತೆ. ಚೆನ್ನಾಗೇ ಹೇಳುತ್ತಿದ್ದ, ಅದನ್ನು ಇಲ್ಲವೆನ್ನುವುದಿಲ್ಲ. ಕೊನೆಗೆ ಶಂಕ್ರವ್ವೇ ಚಿತ್ರ ಬಂತು, ತಲೆ ಎಡಕ್ಕೆ, ಬಾಲ ಬಲಕ್ಕೆ. ನಾನು ಮ್ಯೂಟ್ ತೆಗೆದೆ.

"ಸರ್, ಈ ಮೀನಿನ ಬಲಗಡೆ ಚಿತ್ರ ಇದ್ರೆ ತೋರಿಸ್ತೀರಾ?"

ಆತ ಕನ್ನಡಕ ಸರಿಮಾಡಿಕೊಂಡ. "ಯಾರವ್ರು?"

"ಚುಕ್ಕೆ ಕೊಯ್ದು ನೋಡಿದ್ರಾ ಅಂತ ಮಕ್ಕಳಿಗೆ ಹೇಳಿ ಸರ್."

ದನಿ ಗುರುತು ಹತ್ತಿತು. "ಮೈಸೂರವ್ರ? ನೀವು ಇಲ್ಲಿಗೂ ಬಂದ್ರಿ?"

"ನಿಮ್ಮ ಅಪ್ಪಣೆ ತಗೋಬೇಕಿತ್ತಾ?"

"ಹೋಗ್ಲಿ ಬಿಡ್ರಿ. ಇದು ಮಕ್ಕಳ ಕಾರ್ಯಕ್ರಮ ಐತಿ. ಇಲ್ಲ್ಯರ ಸುಮ್ಮ ಕೂಡ್ರಿ."

ಯಾವುದೋ ಮಗು, "ಮಾಮ್, ಈಸ್ ದಿಸ್ ಎ ಫೈಟ್?" ಎಂದು ಕೇಳಿತು. ಕಾರ್ಯಕ್ರಮ ನಡೆಸುತ್ತಿದ್ದ ರಜತ್ ಇಬ್ಬರನ್ನೂ ಮ್ಯೂಟ್ ಮಾಡಿದ. ಸಿದ್ಧಲಿಂಗೇಶ ಮ್ಯೂಟ್ ಆದದ್ದು ತಿಳಿಯದೆ ಬೆರಳು ಆಡಿಸುತ್ತ ಬೈಯುತ್ತಲೇ ಇದ್ದ.

ಮುಂದಿನ ವರ್ಷ, ಊರಲ್ಲಿ ಕೊರೊನಾದ ಎರಡನೇ ಅಲೆ ಎದ್ದಾಗ, ಶಂಕ್ರವ್ವ ತೀರಿಕೊಂಡರು ಎಂದು ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಒಂದು ಹಾಕಿದೆ. ಫೋನ್ ಮಾಡಲಿಲ್ಲ.

ನಾನೂ ಡ್ರೈವ್ ಮಾಡುವುದಿಲ್ಲ, ಆತನೂ ಮಾಡುವುದಿಲ್ಲ. ಈ ಊರಲ್ಲಿ ಡ್ರೈವ್ ಮಾಡದ ಹಿರಿಯರನ್ನು ಮಕ್ಕಳು ಹಂಚಿಕೊಂಡು ಸಾಗಿಸುತ್ತಾರೆ. ಹಾಗಾಗಿ ಎಲ್ಲ ತೆರೆದುಕೊಂಡ ಮೇಲೆ ಒಂದು ಶನಿವಾರ ಲಾಸ್ ಏಂಜಲೀಸ್ ಆಚೆಯ ಕ್ಯಾಲಬಾಸಸ್ ದೇವಸ್ಥಾನಕ್ಕೆ ವೈಷ್ಣವಿಯ ಕಾರಿನಲ್ಲಿ ನನಗೆ ಜಾಗ ಎಂದು ವಿನೀತ್ ಏರ್ಪಾಡು ಮಾಡಿಬಿಟ್ಟ. ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಸಿದ್ಧಲಿಂಗೇಶ, ನಡುವೆ ಬುತ್ತಿಯ ಬುಟ್ಟಿ. ದಾರಿಯಲ್ಲಿ ಅರ್ವೈನ್ ಎಂಬ ಊರು ದಾಟಿತು. ಆಮೇಲೆ ಆತ ಮೊದಲ ಮಾತಾಗಿ ಎ.ಸಿ. ಕಡಿಮೆ ಮಾಡು ಎಂದ, ನಾನು ಜಾಸ್ತಿ ಮಾಡಮ್ಮ ಎಂದೆ. ವೈಷ್ಣವಿ ಹಾಡು ಹಾಕಿದಳು.

ಲಾಸ್ ಏಂಜಲೀಸ್‌ನಲ್ಲಿ ಪಕ್ಕದ ಮನೆಯವರು ಹೇಳಿದ ಮೀನನ್ನು ವಾಪಸ್ ಬರುವಾಗ ಒಯ್ಯಲು ಆರಿಸಿಡಬೇಕೆಂದು ವೈಷ್ಣವಿ ಒಂದು ಬಂಗಾಳಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಕೂತು ಕೂತು ಕಾಲು ಹಿಡಿದಿತ್ತು, ನಾವೂ ಒಳಗೆ ಹೋದೆವು. ಫ್ರೀಝರಿನ ಗಾಜಿನೊಳಗೆ ಮಂಜು ಹಿಡಿದ ದೊಡ್ಡ ಮೀನುಗಳು, ಮೇಲೆ ರೋಹು ಎಂಬ ಚೀಟಿ. ಆಕೆ ಒಂದನ್ನು ಎತ್ತಿಕೊಂಡಳು.

"ರೋಹು ಅಲ್ಲ ಅದು, ಮೃಗಾಲ," ಎಂದೆ ನಾನು.

"ಅದು ಮೃಗಾಲ ಐತಿ, ರೋಹು ಅಲ್ಲ," ಎಂದ ಆತ, ಅದೇ ಉಸಿರಿಗೆ.

ರೋಹುವಿನ ತುಟಿಗೆ ಸೀರೆಯ ಅಂಚಿಗೆ ಹಾಕಿದ ಕುಚ್ಚಿನಂಥದ್ದು ಇರುತ್ತದೆ, ಮೃಗಾಲದ ತುಟಿ ಬೋಳು. ಮಂಜಿನೊಳಗಿನಿಂದಲೂ ಅದು ಇಬ್ಬರಿಗೂ ಕಂಡಿತ್ತು. ಹುಟ್ಟಿದಾರಭ್ಯ ಮೀನು ತಿನ್ನದ ಇಬ್ಬರು ಮುದುಕರು ಮೀನಂಗಡಿಯಲ್ಲಿ ನಿಂತು ಒಂದೇ ಮಾತು ಆಡಿದ್ದಕ್ಕೆ ಅಂಗಡಿಯವನು ನಕ್ಕ. ನನಗೆ ಮಾತ್ರ ಸಿಟ್ಟು ಬಂತು. ಈ ಮನುಷ್ಯ ದಡ್ಡನಾಗಿದ್ದರೆ ಎಷ್ಟೋ ಸುಲಭವಿತ್ತು. ತುಟಿ ನೋಡಿ ಹೇಳಬಲ್ಲವನು ಮೀನು ತಿರುಗಿಸಿ ನೋಡಲಿಲ್ಲವಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ದೇವರ ದರ್ಶನ ಆಯಿತು. ಕೆಳಗೆ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿರುವಾಗ ರಜತ್ ಸಿಕ್ಕಿದ. ಅವನ ಮನೆ ಪಕ್ಕದ ಊರು ಕಾರ್ಲ್ಸ್‌ಬಾಡ್‌ನಲ್ಲಿ, ಅಲ್ಲೇ ಒಂದು ಬಯೋಟೆಕ್ ಕಂಪನಿಯಲ್ಲಿ ಕೆಲಸ, ನಲವತ್ತು ದಾಟಿದ ಮನುಷ್ಯ. ಮೀನು ಸಾಕುವ ಹುಚ್ಚು ಇದೆಯೆಂದು ಗೊತ್ತಿತ್ತು, ಯಾವ ಮೀನು ಎಂದು ಗೊತ್ತಿರಲಿಲ್ಲ.

"ಸರ್, ಆವತ್ತು ಝೂಮಲ್ಲಿ ತೋರಿಸಿದ್ರಲ್ಲ, ಆ ಮೀನು ನಮ್ಮ ಗ್ಯಾರೇಜಲ್ಲಿದೆ," ಎಂದ. "ಅಕ್ವೇರಿಯಂನೋರಿಗೆ ತರಿಸಿಕೊಡೋ ಒಬ್ರಿಂದ ತಗೊಂಡೆ. ಮಲಪ್ರಭಾ ಮೇಲ್ಗಡೆ ಹಿಡಿದಿದ್ದಂತೆ. ಚುಕ್ಕೆ ಇದೆ. ಇಲ್ಲೇ ಹುಟ್ಟಿದ ಮರಿಗಳೂ ಈಗ ದೊಡ್ಡವಾಗಿವೆ."

ಸಿದ್ಧಲಿಂಗೇಶ ತಟ್ಟೆ ಬದಿಗೆ ಸರಿಸಿದ. ಆ ಮೀನು ಜೀವಂತ ಈಜುವುದನ್ನು ಆತ ಕಂಡು ಮೂವತ್ತು ವರ್ಷದ ಮೇಲಾಗಿತ್ತು. ಮುಖ ಚಿಕ್ಕ ಹುಡುಗನ ಮುಖದ ಹಾಗೆ ಅರಳಿತು. ನಾನು ಯೋಚಿಸುತ್ತಿದ್ದದ್ದು ಬೇರೆ. ಇಲ್ಲೇ ಹುಟ್ಟಿದವು ಎಂದರೆ ಆ ಮರಿಗಳು ಮಲಪ್ರಭೆಯ ನೀರು ಕಂಡಿಲ್ಲ. ಬಸವನಹುಳು ಕಂಡಿಲ್ಲ, ಮಿಂಚುಳ್ಳಿ ಕಂಡಿಲ್ಲ. ಚುಕ್ಕೆ ಹುಟ್ಟಿನದಾದರೆ ಮರಿಗಳಿಗೂ ಇರಬೇಕು. ಹುಳುವಿನದಾದರೆ ಇರಕೂಡದು.

"ಮರಿಗಳ ಮೇಲೆ ಚುಕ್ಕೆ ಇದೆಯೇನೋ?" ಎಂದೆ.

ರಜತ್ ನೆನಪು ಮಾಡಿಕೊಳ್ಳಲು ತಲೆ ಕೆರೆದುಕೊಂಡ. ಸಿದ್ಧಲಿಂಗೇಶ ನನ್ನ ಕಡೆ ತಿರುಗಿದ. ಅರಳಿದ ಮುಖ ಅಲ್ಲೇ ಮುಚ್ಚಿಕೊಂಡಿತು. ಆತನಿಗೂ ಅರ್ಥವಾಗಿತ್ತು.

"ನಾಳೆನ ಬರ್ತೀನ್ರಿ ನಿಮ್ಮ ಮನಿಗೆ," ಎಂದ ರಜತನಿಗೆ.

"ನಾನೂ ಬರ್ತೀನಿ," ಎಂದೆ.

"ನಿಮ್ಮನ್ನ ಯಾರು ಕರದಾರ?"

"ಮನೆ ಅವನದ್ದು, ನಿಮ್ಮದಲ್ಲ."

ಮರುದಿನ ಹೋದೆವು, ಅದೇ ಕಾರು, ಅದೇ ಸೀಟು. ರಜತನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ಗೋಡೆ ತುಂಬ ಗಾಜಿನ ತೊಟ್ಟಿಗಳು. ಮೊದಲ ತೊಟ್ಟಿಯಲ್ಲಿ ಹೊಳೆಯಿಂದ ಬಂದ ದೊಡ್ಡ ಮೀನುಗಳು, ಮೈಮೇಲೆ ಸಾಸಿವೆ ಚುಕ್ಕೆ. ಸಿದ್ಧಲಿಂಗೇಶ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಬಾಯಿ ಮಾತಿಲ್ಲದೆ ಅಲ್ಲಾಡುತ್ತಿತ್ತು. ಪಕ್ಕದ ತೊಟ್ಟಿಯಲ್ಲಿ ಕಾರ್ಲ್ಸ್‌ಬಾಡಿನಲ್ಲೇ ಹುಟ್ಟಿ ಬೆಳೆದವು, ಅದೇ ಗಾತ್ರ, ಅದೇ ರೆಕ್ಕೆ. ಮೈ ತೊಳೆದಿಟ್ಟ ಬೆಳ್ಳಿ ಬಟ್ಟಲಿನ ಹಾಗೆ. ಒಂದರ ಮೇಲೂ ಒಂದು ಚುಕ್ಕೆ ಇರಲಿಲ್ಲ.

 ಹೇಳಬೇಕೆಂದು ಮೂವತ್ತು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಆದರೂ ಹೇಳಲಿಲ್ಲ. ಕನಿಕರವೇನಲ್ಲ, ಆತನ ಬಾಯಿಂದಲೇ ಕೇಳಬೇಕಿತ್ತು.

"ಹಳೇ ಮೀನು ಸತ್ತದ್ದು ಯಾವುದರ ಇಟ್ಟೀರೇನ್ರಿ?" ಎಂದು ಕೇಳಿದ.

ರಜತ್ ಫ್ರೀಝರಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. ಅವನ ಹೆಂಡತಿ ಅದನ್ನು ಕರಿಬೇವಿನ ಪಕ್ಕದಲ್ಲಿ ಇಡಲು ಹೇಗೆ ಬಿಟ್ಟಳೋ ಕಾಣೆ. ಮೀನು ಕರಗಲೆಂದು ತಟ್ಟೆಯಲ್ಲಿಟ್ಟ. ಆಮೇಲೆ ಸಿದ್ಧಲಿಂಗೇಶ ಬ್ಲೇಡ್ ಕೇಳಿದ. ಅಭ್ಯಾಸದಂತೆ ಮೀನನ್ನು ತಲೆ ಎಡಕ್ಕೆ ಮಾಡಿ ಮಲಗಿಸಿದ. ಆದರೆ ಈ ಸಲ ಬೆರಳಿನಿಂದ ಅದನ್ನು ತಿರುಗಿಸಿದ. ಬಲಗಡೆ ಚುಕ್ಕೆಗಳನ್ನು ನೋಡಿದ. ಮತ್ತೆ ಎಡಗಡೆ ನೋಡಿದ. ಮತ್ತೆ ಬಲಗಡೆ. ಒಂದಕ್ಕೊಂದು ಕೂಡಿರಲಿಲ್ಲ.

ಚುಕ್ಕೆ ಕೊಯ್ದು ಗಾಜಿನ ಪಟ್ಟಿಯ ಮೇಲಿಟ್ಟು ರಜತನ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದ. ಬಹಳ ಹೊತ್ತು ನೋಡಿದ. ಎದ್ದು ಹೋಗಿ ಕೈ ತೊಳೆದುಕೊಂಡು ಬಂದ.

"ನೋಡ್ರಿ," ಎಂದ ನನಗೆ. "ಕಣ್ತುಂಬ ನೋಡ್ರಿ."

ನೋಡಿದೆ. ಗೂಡು ಒಡೆದು ಹುಳು ಚೆನ್ನಾಗಿ ಕಾಣುತ್ತಿತ್ತು. ನಾನು ಅಂದುಕೊಂಡಿದ್ದಷ್ಟು ಸಂತೋಷವಾಗಲಿಲ್ಲ. ಆದರೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದವಳೇ ಲೇಖನ ಬರೆಯಲು ಕೂತೆ. ಹಳೆಯ ಟಿಪ್ಪಣಿ ತೆಗೆದೆ, ರಜತನಿಂದ ಫೋಟೋ ತರಿಸಿದೆ, ಒಂದೊಂದು ವಾಕ್ಯವನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿದೆ. ವಿನೀತ್, "ಅಮ್ಮಾ, ಅಷ್ಟು ಅರ್ಜೆಂಟ್ ಯಾಕೆ?" ಎಂದ. ಅರ್ಜೆಂಟ್ ಏನಿಲ್ಲ ಎಂದೆ. ನಿಜವಾಗಿಯೂ ಇಲ್ಲವೆಂದೇ ತಿಳಿದಿದ್ದೆ. ಆತನೇನು ಬರೆಯುತ್ತಾನೆ? ತನ್ನ ಕೈಯಾರೆ ಇಟ್ಟ ಹೆಸರನ್ನು, ಅದೂ ತಾಯಿಯ ಹೆಸರನ್ನು, ಯಾರು ತಾನೇ ಇಳಿಸಿಕೊಳ್ಳುತ್ತಾರೆ? ನಾನು ನಿಧಾನವಾಗಿ ತಿದ್ದಿ, ಚೆನ್ನಾದ ಪತ್ರಿಕೆಗೇ ಕಳಿಸಿ, ಉತ್ತರಕ್ಕೆ ಕಾಯುತ್ತ ಕೂತೆ.

ಒಂದು ಬೆಳಿಗ್ಗೆ ರಜತನಿಂದ ವಾಟ್ಸ್ಯಾಪ್ ಬಂತು, ಜೊತೆಗೆ ಅಚ್ಚಾದ ಲೇಖನ. ಬರೆದವನು ಸಿದ್ಧಲಿಂಗೇಶ ಒಬ್ಬನೇ. ನಮ್ಮ ನಾಡಿನ ಒಂದು ಸಣ್ಣ ಪತ್ರಿಕೆ, ಬೇಗ ಅಚ್ಚು ಹಾಕುವಂಥದ್ದು. ಶಂಕ್ರವ್ವೇ ಎಂಬ ಪ್ರಭೇದ ಇಲ್ಲ, ಚುಕ್ಕೆ ಹುಳುವಿನದ್ದು, ಎಡಗಡೆ ಮಾತ್ರ ನೋಡಿದ್ದು ಲೇಖಕನ ತಪ್ಪು ಎಂದು ನೆಟ್ಟಗೆ ಬರೆದಿತ್ತು. ಹುಳುಕು ಹುಡುಕಿದೆ, ಸಿಗಲಿಲ್ಲ. ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ರಜತನ ಹೆಸರಿತ್ತು, ವೈಷ್ಣವಿಯ ಹೆಸರಿತ್ತು, ಮೀನು ತರಿಸಿಕೊಟ್ಟವನ ಹೆಸರಿತ್ತು. ನನ್ನ ಹೆಸರು ಆ ಲೇಖನದಲ್ಲಿ ಎಲ್ಲಿಯೂ ಇರಲಿಲ್ಲ.

ವಿನೀತನಿಗೆ ಆಫೀಸಿಗೆ ರಜೆ ಹಾಕಿಸಿ ಯೂನಿವರ್ಸಿಟಿ ಸಿಟಿಗೆ ಹೋದೆ. ಅವನನ್ನು ಕೆಳಗೇ ನಿಲ್ಲಿಸಿದೆ. ವೈಷ್ಣವಿ ಬಾಗಿಲು ತೆಗೆದಳು. ಆತ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಚುರಮುರಿ ತಿನ್ನುತ್ತ ಇದ್ದ.

"ನನ್ನ ಹೆಸರೆಲ್ಲಿ?" ಎಂದೆ.

"ಬೇಕಂತ ಬಿಟ್ಟೀನ್ರಿ," ಎಂದ. ತಟ್ಟೆ ಕೆಳಗಿಡಲಿಲ್ಲ.

"ಮೂವತ್ತು ವರ್ಷದಿಂದ ಇದನ್ನ ಹೇಳ್ತಾ ಬಂದಿರೋಳು ನಾನು. ಸಭೇಲಿ ಹೇಳಿದೆ, ಎಲ್ಲರ ಎದುರು ಹೇಳಿದೆ. ಮೀನು ಕೇಳಿದ್ರೆ ಬೀರುಗೆ ಬೀಗ ಹಾಕಿದ್ರಿ. ಈಗ ನೀವೇ ಕಂಡುಹಿಡಿದ ಹಾಗೆ ಬರ್ಕೊಂಡಿದೀರಲ್ಲ, ಇದು ಕಳ್ಳತನ ಅಲ್ವಾ?"

"ನೀವು ಹೇಳಿದ್ದ ಖರೆ ಆತು. ನಾ ತಪ್ಪಿದ್ದೆ. ಯಾರರ ಕೇಳಿದ್ರ ಹಂಗ ಹೇಳ್ತೀನಿ. ಬರ್ಯಾಕ ಮಾತ್ರ ಆಗೂದಿಲ್ರಿ."

"ಯಾಕಾಗಲ್ಲ?"

"ನೀವ ಮೊದಲ ಹೇಳಿದ್ದು ಅಂತ ಬರದ್ರ ಇಳಿಸಿದವ್ರು ನೀವಾಗ್ತೀರಿ, ನಿಮ್ಮ ಹೆಸರ ನಮ್ಮವ್ವನ ಹೆಸರಿನ ಬಾಜೂಕ ಹೋಗಿ ಕೂಡತೈತಿ. ಕಡೀತನಕ ಅಲ್ಲೇ ಇರ್ತೈತಿ. ಅಕೀನ್ನ ರೋಗ ಅಂದವ್ರ ಹೆಸರ ಅದು."

"ನಾನು ಹೇಳಿದ್ದು ಮೀನನ್ನ!" ಎಂದು ಕೂಗಿದೆ. ವೈಷ್ಣವಿ ಅಡುಗೆಮನೆಯಿಂದ ಇಣುಕಿದಳು.

ಆತ ತಟ್ಟೆ ಕೆಳಗಿಟ್ಟ. ಕುರ್ಚಿಯ ಕೈಯನ್ನು ತಟ್ಟಿ ತೋರಿಸಿದ.

"ನಮ್ಮವ್ವ ಹೋದಾಗ ನಾ ಈ ಕುರ್ಚ್ಯಾಗ ಕುಂತಿದ್ನಿ. ವಿಮಾನ ಸಿಗಲಿಲ್ಲ. ಫೋನಿನ್ಯಾಗ ತೋರಿಸಿದ್ರು. ಮೈ ತುಂಬ ಪ್ಲಾಸ್ಟಿಕ್ ಹಾಕ್ಕೊಂಡವ್ರು, ಯಾರ ಮಕ್ಕಳೋ ಏನೋ, ಗುಂಡಿಯೊಳಗ ಇಟ್ಟು ಮಣ್ಣ ಎಳದ್ರು. ನಮ್ಮಲ್ಲಿ ಮೊದಲ ಹಿಡಿ ಮಣ್ಣ ಮಗ ಹಾಕಬೇಕು. ನಾ ಹಾಕಲಿಲ್ಲ." ಮೀಸೆ ಒರೆಸಿಕೊಂಡ. "ಈ ಹೆಸರೂ ಮಣ್ಣಿಗೆ ಹೋಗೂದ ಐತಿ ಅಂತ ಆ ಗ್ಯಾರೇಜಿನ್ಯಾಗ ಗೊತ್ತಾತು. ಇದಕ್ಕರ ಮಣ್ಣ ನಾನ ಹಾಕ್ತೀನಿ ಅಂದ್ನಿ. ಹೊರಗಿನವ್ರ ಕೈ ಬ್ಯಾಡ ಅಂದ್ನಿ. ಅದರಾಗ ನಿಮ್ಮ ಕೈಯಂತೂ ಬ್ಯಾಡೇ ಬ್ಯಾಡ."

ನನಗೆ ಅಳು ಬಂತು. ಈ ಮನುಷ್ಯನ ಎದುರು ಅಳುವುದಕ್ಕಿಂತ ಹಾಳಾಗಿ ಹೋಗುವುದು ಲೇಸೆಂದು ಎದ್ದೆ.

"ಚಾ ಕುಡದು ಹೋಗ್ರಿ," ಎಂದ.

"ನಾನು ಚಹಾ ಕುಡಿಯೋಲ್ಲ, ಕಾಫಿ."

"ನಮ್ಮ ಮನ್ಯಾಗ ಕಾಫಿ ಇಲ್ಲ."

"ಗೊತ್ತು," ಎಂದು ಬಾಗಿಲು ಎಳೆದುಕೊಂಡು ಬಂದೆ.

ನನ್ನ ಲೇಖನ ಪತ್ರಿಕೆಯವರ ಹತ್ತಿರ ಇನ್ನೂ ಕೂತಿತ್ತು. ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದೆ. ಒಮ್ಮೆ ಅಚ್ಚಾದದ್ದನ್ನು ಎರಡನೆಯವರಾಗಿ ಹೇಳುವುದರಲ್ಲಿ ಏನೂ ಇಲ್ಲ. ವಿನೀತ್, "ಆ ಅಂಕಲ್ ಜೊತೆ ರಾಜಿ ಆಯ್ತಾ?" ಎಂದು ಕೇಳಿದ. ಆಗಿಲ್ಲ. ಈಗಲೂ ಅದೇ ಕಾರಿನಲ್ಲಿ ಕ್ಯಾಲಬಾಸಸ್‌ಗೆ ಹೋಗುತ್ತೇವೆ, ನಡುವೆ ಅದೇ ಬುಟ್ಟಿ. ಹೋದ ತಿಂಗಳು ಒಂದು ಹಾವುಮೀನಿನ ವಿಷಯಕ್ಕೆ ಲಾಂಗ್ ಬೀಚ್‌ನಿಂದ ದೇವಸ್ಥಾನದವರೆಗೂ ಜಗಳವಾಡಿದೆವು. ಆತ ಹೇಳಿದ್ದು ತಪ್ಪು.

ಮೀನುಗಳ ಪಟ್ಟಿಯಲ್ಲಿ ಈಗ ಮಾಮೂಲಿ ಪಕ್ಕೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಶಂಕ್ರವ್ವೇ ಎಂದು ಬಂದಿದೆ. ಹೆಸರಿಟ್ಟವನು ಸಿದ್ಧಲಿಂಗೇಶ, ಇಳಿಸಿದವನೂ ಸಿದ್ಧಲಿಂಗೇಶ, ನಡುವೆ ತಾಯಿ. ಅಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ನಾನು ಆಗಾಗ ತೆಗೆದು ನೋಡುತ್ತೇನೆ.

ರಜತ್, ನೀನು ನಾಲ್ಕು ಒಳ್ಳೆಯ ಮಾತು ಕೇಳಿದ್ದೆ. ಒಂದೇ ಇದೆ, ಆ ಮನುಷ್ಯ ಒಳ್ಳೆಯ ಮಗ. ಉಳಿದಂತೆ, ಮೊದಲು ಹೇಳಿದವಳು ನಾನು, ಹೇಳಿದ್ದು ಸರಿಯಾಗಿಯೂ ಇತ್ತು. ಅದನ್ನು ಬರೆಯಲು ನನಗೆ ನಿಮ್ಮ ಸಂಚಿಕೆ ಬಿಟ್ಟರೆ ಬೇರೆ ಜಾಗ ಉಳಿದಿಲ್ಲ. ಅದನ್ನು ಮಾತ್ರ ತೆಗೆಯಬೇಡ.